ಕಂಪ್ಯೂಟರ್ ಗೇಮ್ ಇಟ್ಟುಕೊಂಡು ಮಕ್ಕಳಿಗೆ ಪಾಠ: ಯಾವುದನ್ನು ಆರಿಸಬೇಕು, ಹೇಗೆ ಆಡಿಸಬೇಕು, ನಿಲ್ಲಿಸಿ ಏನು ಕೇಳಬೇಕು

ನಾಲ್ಕನೇ ಕ್ಲಾಸಿನ ಒಬ್ಬ ಹುಡುಗನಿಗೆ ಮಗ್ಗಿ ಕಲಿಸುವ ಗೇಮ್ ಹಾಕಿಕೊಟ್ಟಿದ್ದೆ. ಒಂದು ಪ್ರಶ್ನೆ, ಕೆಳಗೆ ನಾಲ್ಕು ಉತ್ತರ, ಸರಿಯಾದದ್ದನ್ನು ಒತ್ತಿದರೆ ಒಂದು ನಕ್ಷತ್ರ. ಅರ್ಧ ಗಂಟೆಯಲ್ಲಿ ಹನ್ನೆರಡು ಲೆವೆಲ್ ದಾಟಿಬಿಟ್ಟ. ನನಗೆ ಖುಷಿಯೋ ಖುಷಿ. ಗೇಮ್ ಮುಚ್ಚಿಸಿ, "ಏಳೆಂಟ್ಲ ಎಷ್ಟೋ?" ಅಂತ ಕೇಳಿದೆ. ಕಿಟಕಿ ಕಡೆ ನೋಡಿದ.

ಮಾರನೇ ದಿನ ಅವನ ಹಿಂದೆ ಸುಮ್ನೆ ನಿಂತು ನೋಡಿದೆ. ಪ್ರಶ್ನೆ ಓದುತ್ತಲೇ ಇರಲಿಲ್ಲ. ನಾಲ್ಕು ಉತ್ತರವನ್ನೂ ಮೇಲಿಂದ ಕೆಳಕ್ಕೆ ಟಕಟಕ ಅಂತ ಒತ್ತಿಕೊಂಡು ಹೋಗುತ್ತಿದ್ದ. ತಪ್ಪು ಒತ್ತಿದರೆ ಆ ಗೇಮಿನಲ್ಲಿ ಏನೂ ಹೋಗುತ್ತಿರಲಿಲ್ಲ, ಒಂದು ಸಣ್ಣ ಸದ್ದು ಬರುತ್ತಿತ್ತು ಅಷ್ಟೇ. ಹುಡುಗ ದಡ್ಡ ಅಲ್ಲ ನೋಡಿ. ಗೇಮಿನ ಒಳಗುಟ್ಟನ್ನು ನನಗಿಂತ ಮೊದಲು ಹಿಡಿದಿದ್ದ. ದಡ್ಡತನ ನನ್ನದು, ಗೇಮ್ ಹಾಕಿಕೊಟ್ಟು ಪಕ್ಕದ ಕೋಣೆಗೆ ಹೋಗಿದ್ದೆ.

ಆಮೇಲೆ ಹಲವು ವರ್ಷ ಹಲವು ಗೇಮ್ ಹಿಡಿದು ಮಕ್ಕಳ ಜೊತೆ ಕೂತಿದ್ದೇನೆ. ಕೆಲವು ಚೆನ್ನಾಗಿ ಕೆಲಸ ಮಾಡಿದವು, ಕೆಲವು ಸಮಯ ತಿಂದವು. ಕಲಿಕೆ ಆಗಿದ್ದು ಯಾವಾಗ ಅಂತ ಹಿಂತಿರುಗಿ ನೋಡಿದರೆ, ಬಹುತೇಕ ಸಲ ಅದು ಆಟ ನಿಲ್ಲಿಸಿದ ಮೇಲಿನ ಹತ್ತು ನಿಮಿಷದಲ್ಲಿ. ಅದಕ್ಕೇ ಈ ಲೇಖನದಲ್ಲಿ ಗೇಮುಗಳ ಪಟ್ಟಿ ಕಮ್ಮಿ ಇದೆ, ಆ ಹತ್ತು ನಿಮಿಷದ ಮಾತು ಜಾಸ್ತಿ ಇದೆ. ನೀವು ಶಿಕ್ಷಕರಾಗಿರಬಹುದು, ಮನೆಯಲ್ಲಿ ಮಗುವಿಗೆ ಹೇಳಿಕೊಡುವವರಾಗಿರಬಹುದು. ಹೆಜ್ಜೆಗಳು ಒಂದೇ.

ಹೆಜ್ಜೆ 1: ಮಗು ಎಲ್ಲಿ ಸಿಕ್ಕಿಕೊಂಡಿದೆ ಅಂತ ಒಂದು ಸಾಲು ಬರೆಯಿರಿ

ಗೇಮ್ ಹುಡುಕುವುದಕ್ಕೆ ಮುಂಚೆ ಈ ಕೆಲಸ. "ಗಣಿತ ಸುಧಾರಿಸಬೇಕು" ಅಂತ ಬರೆದರೆ ಪ್ರಯೋಜನವಿಲ್ಲ. "ಸುತ್ತಳತೆಗೂ ವಿಸ್ತೀರ್ಣಕ್ಕೂ ಗೊಂದಲ ಮಾಡಿಕೊಳ್ಳುತ್ತಾಳೆ", "ಮಗ್ಗಿ ಗೊತ್ತು, ಆದರೆ ಹೇಳೋದು ನಿಧಾನ", "ಋಣ ಸಂಖ್ಯೆ ಅಂದರೆ ಏನು ಅಂತಲೇ ತಲೆಗೆ ಹೋಗಿಲ್ಲ": ಹೀಗೆ ಬರೆಯಿರಿ. ಈ ಮೂರಕ್ಕೂ ಮೂರು ಬೇರೆ ಬೇರೆ ಥರದ ಗೇಮ್ ಬೇಕು. ಈ ಸಾಲು ಇಲ್ಲದೆ ಹುಡುಕಲು ಹೊರಟರೆ ಬಣ್ಣ ಚೆನ್ನಾಗಿರುವ ಗೇಮೇ ಕೈಗೆ ಸಿಗುತ್ತೆ.

ಹೆಜ್ಜೆ 2: ಗೇಮ್ ಆರಿಸುವುದು

ಇಲ್ಲಿ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಪಾಠ ಗೊತ್ತಿಲ್ಲದೆಯೂ ಈ ಗೇಮ್ ಗೆಲ್ಲಬಹುದಾ? ಗೆಲ್ಲಬಹುದು ಅಂತಾದರೆ ಮಕ್ಕಳು ಗೆದ್ದೇ ಗೆಲ್ಲುತ್ತಾರೆ, ಪಾಠ ಮಾತ್ರ ಅಲ್ಲೇ ಉಳಿಯುತ್ತೆ. ರೇಸ್ ಕಾರು ಓಡಿಸುವ ಗೇಮಿನಲ್ಲಿ ಮಧ್ಯೆ ಮಧ್ಯೆ ಕೂಡೋ ಲೆಕ್ಕ ಬಂದರೆ, ಮಗುವಿಗೆ ಆ ಲೆಕ್ಕ ರಸ್ತೆ ಉಬ್ಬು ಇದ್ದ ಹಾಗೆ. ಬೇಗ ದಾಟಿ ಕಾರಿಗೆ ವಾಪಸ್ ಹೋಗಬೇಕು, ಅಷ್ಟೇ ತಲೆಯಲ್ಲಿ. ಲೆಕ್ಕವೇ ಕಾರು ಓಡಿಸಬೇಕು.

ಗೇಮುಗಳನ್ನು ನಾನು ಮೂರು ಗುಂಪು ಮಾಡಿಟ್ಟುಕೊಂಡಿದ್ದೇನೆ.

ಒಂದು, ಅಭ್ಯಾಸದ ಗೇಮ್. ಈಗಾಗಲೇ ಅರ್ಥ ಆಗಿರುವುದು ನಾಲಿಗೆ ತುದಿಗೆ ಬರಬೇಕಾದರೆ ಇವು ಬೇಕು. ಟಕ್ಸ್ ಮ್ಯಾಥ್ ಅಂತ ಉಚಿತ ಗೇಮ್ ಇದೆ. ಆಕಾಶದಿಂದ ಧೂಮಕೇತು ಬೀಳುತ್ತಿರುತ್ತೆ, ಅದರ ಮೇಲೆ ಲೆಕ್ಕ ಬರೆದಿರುತ್ತೆ, ಕೆಳಗೆ ಬಂದು ಬಡಿಯುವುದರೊಳಗೆ ಉತ್ತರವನ್ನು ಟೈಪ್ ಮಾಡಿ ಹೊಡೆದುರುಳಿಸಬೇಕು. ಗಮನಿಸಿ, ಇಲ್ಲಿ ನಾಲ್ಕು ಆಯ್ಕೆ ಇಲ್ಲ. ನನ್ನ ಆ ಹುಡುಗನ ಟಕಟಕ ಇಲ್ಲಿ ನಡೆಯಲ್ಲ. ತೀರಾ ಚಿಕ್ಕ ಮಕ್ಕಳಿಗೆ ಜಿಕಾಂಪ್ರಿ ಇದೆ. 2ರಿಂದ 10 ವರ್ಷದವರಿಗೆ ಅಂತ ಮಾಡಿದ್ದು, ನೂರಕ್ಕೂ ಜಾಸ್ತಿ ಚಟುವಟಿಕೆಗಳಿವೆ, ಅದೂ ಉಚಿತ, ಜಾಹೀರಾತಿನ ಕಾಟವೂ ಇಲ್ಲ. ಆದರೆ ಅರ್ಥವೇ ಆಗದ ವಿಷಯವನ್ನು ಅಭ್ಯಾಸದ ಗೇಮಿನಿಂದ ಕಲಿಸಲು ಹೋಗಬೇಡಿ. ಊಹೆ ಮಾಡುವುದನ್ನು ಕಲಿಯುತ್ತಾರೆ.

ಎರಡು, ಒಂದು ಲೋಕವನ್ನೇ ಕೈಗೆ ಕೊಡುವ ಗೇಮ್. 1989ರಲ್ಲಿ ವಿಲ್ ರೈಟ್ ಮಾಡಿದ ಸಿಮ್‌ಸಿಟಿಯಲ್ಲಿ ಊರು ಕಟ್ಟಬೇಕು, ತೆರಿಗೆ ಹಾಕಬೇಕು. 2011ರಲ್ಲಿ ಪೂರ್ತಿ ರೂಪದಲ್ಲಿ ಬಂದ ಮೈನ್‌ಕ್ರಾಫ್ಟ್‌ನಲ್ಲಿ ಇಟ್ಟಿಗೆ ಇಟ್ಟಿಗೆಯಾಗಿ ಏನು ಬೇಕಾದರೂ ಕಟ್ಟಬಹುದು. ಕರ್ಬಲ್ ಸ್ಪೇಸ್ ಪ್ರೋಗ್ರಾಮ್‌ನಲ್ಲಿ ರಾಕೆಟ್ ಜೋಡಿಸಿ ಹಾರಿಸಬೇಕು. ಗೇಮ್ ಅಂತ ಕರೆಯಲಾಗದಿದ್ದರೂ ಫೆಟ್ ಪ್ರಯೋಗಗಳನ್ನೂ ನಾನು ಇದೇ ಗುಂಪಿಗೆ ಸೇರಿಸುತ್ತೇನೆ. ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ್ದು, ಉಚಿತ, ಬ್ರೌಸರ್‌ನಲ್ಲೇ ಓಡುತ್ತೆ. ಬಲ್ಬು, ಬ್ಯಾಟರಿ, ತಂತಿ ಜೋಡಿಸಿ ಸರ್ಕ್ಯೂಟ್ ಮಾಡುವುದನ್ನು ಮಕ್ಕಳ ಮುಂದಿಟ್ಟರೆ ಸಾಕು, ಮೊದಲು ಎಲ್ಲರೂ ಬ್ಯಾಟರಿಗೆ ಬೆಂಕಿ ಹತ್ತಿಸುತ್ತಾರೆ. ಹತ್ತಿಸಲಿ ಬಿಡಿ. ಯಾಕೆ ಹತ್ತಿಕೊಂಡಿತು ಅಂತ ಆಮೇಲೆ ಕೇಳಿದರಾಯಿತು.

ಮೂರನೆಯದು, ಮಕ್ಕಳೇ ಗೇಮ್ ಮಾಡುವುದು. ಅದರ ಮಾತು ಕೊನೆಗೆ.

ಒಂದು ಹಳೇ ಗೇಮಿನ ಕಥೆ ಹೇಳಲೇಬೇಕು. 1985ರಲ್ಲಿ ಕಾರ್ಮೆನ್ ಸ್ಯಾಂಡಿಯೆಗೊ ಅನ್ನುವ ಕಳ್ಳಿಯನ್ನು ಪ್ರಪಂಚವೆಲ್ಲ ಹುಡುಕುವ ಗೇಮ್ ಬಂತು. ಡಬ್ಬಿಯಲ್ಲಿ ಗೇಮಿನ ಜೊತೆಗೆ ಒಂದು ದಪ್ಪ ಪುಸ್ತಕವೂ ಇತ್ತು, ದೇಶ, ಧ್ವಜ, ನಾಣ್ಯಗಳ ವಿವರ ತುಂಬಿದ ಅಲ್ಮನಾಕ್. ಗೇಮ್ ಒಂದು ಸುಳಿವು ಕೊಡುತ್ತೆ, ಅದು ಯಾವ ದೇಶ ಅಂತ ಪುಸ್ತಕ ತೆಗೆದು ನೋಡಬೇಕು. ಮಕ್ಕಳನ್ನು ಪುಸ್ತಕದ ಕಡೆಗೆ ಓಡಿಸುವ ಗೇಮ್! ಈಗಿನ ಗೇಮುಗಳ ಜೊತೆ ಪುಸ್ತಕ ಬರಲ್ಲ, ಆದರೆ ಪಕ್ಕದಲ್ಲಿ ಒಂದು ಅಟ್ಲಾಸ್ ಇಡಲು ನಮಗೇನು ಕಷ್ಟ?

ಹೆಜ್ಜೆ 3: ಮೊದಲು ನೀವು ಆಡಿ

ಒಂದು ಗಂಟೆಯಾದರೂ ಆಡಿ. ನಾನು ಇದನ್ನು ತಪ್ಪಿಸಿದಾಗಲೆಲ್ಲ ಪೆಟ್ಟು ತಿಂದಿದ್ದೇನೆ. ಒಂದು ಸಲ ತರಗತಿ ಶುರುವಾದ ಮೇಲೆ ಗೊತ್ತಾಯಿತು, ನಾನು ಆರಿಸಿದ ಗೇಮಿನಲ್ಲಿ ಮೊದಲ ಇಪ್ಪತ್ತು ನಿಮಿಷ ಬರೀ ಕಥೆ, ದಾಟಿಸಲು ಬಟನ್ನೂ ಇಲ್ಲ. ಮೂವತ್ತು ಮಕ್ಕಳು, ಒಬ್ಬ ರಾಜಕುಮಾರನ ಭಾಷಣ.

ಆಡುವಾಗ ನೋಡಬೇಕಾದ್ದು: ಜಾಹೀರಾತು ಬರುತ್ತಾ, ಮಧ್ಯದಲ್ಲಿ ದುಡ್ಡು ಕೇಳುತ್ತಾ, ಗೊತ್ತಿಲ್ಲದವರ ಜೊತೆ ಚಾಟ್ ಮಾಡುವ ಅವಕಾಶ ಇದೆಯಾ, ಇದ್ದರೆ ಅದನ್ನು ಬಂದ್ ಮಾಡಬಹುದಾ. ಮಗುವಿನ ಹೆಸರು, ವಯಸ್ಸು, ಇಮೇಲ್ ಕೇಳಿದರೆ ಯಾಕೆ ಕೇಳುತ್ತಿದೆ ಅಂತ ಯೋಚಿಸಿ. ಇಂಟರ್ನೆಟ್ ಇಲ್ಲದೆಯೂ ಓಡುತ್ತಾ? ನಿಲ್ಲಿಸಿದಲ್ಲಿಂದ ಮತ್ತೆ ಶುರುಮಾಡಬಹುದಾ? ಡಬ್ಬಿ ಮೇಲೋ ಡೌನ್‌ಲೋಡ್ ಪುಟದಲ್ಲೋ ವಯಸ್ಸಿನ ಗುರುತು ಇರುತ್ತೆ. ಯುರೋಪಿನ ಪೆಗಿ ಗುರುತಾದರೆ 3, 7, 12, 16, 18 ಅಂತ ಅಂಕಿ ಇರುತ್ತೆ. ಆ ಅಂಕಿ ಹೇಳುವುದು ಹಿಂಸೆ, ಕೆಟ್ಟ ಮಾತು ಇಂಥವುಗಳ ಬಗ್ಗೆ ಮಾತ್ರ. ಗೇಮ್ ಎಷ್ಟು ಕಷ್ಟ ಅಂತ ಅಲ್ಲ. 3 ಅಂತ ಗುರುತಿರುವ ಗೇಮ್ ದೊಡ್ಡವರ ತಲೆಯನ್ನೂ ಕೆಡಿಸಬಹುದು.

ಮತ್ತೊಂದು ವಿಷಯ. ನೀವು ಗೇಮಿನಲ್ಲಿ ಸೋಲುತ್ತೀರಿ, ಚೆನ್ನಾಗಿಯೇ ಸೋಲುತ್ತೀರಿ. ಎಲ್ಲಿ ಸೋತಿರಿ ಅಂತ ಬರೆದಿಟ್ಟುಕೊಳ್ಳಿ. ಮಕ್ಕಳನ್ನು ಕೇಳುವ ಒಳ್ಳೇ ಪ್ರಶ್ನೆಗಳು ಅಲ್ಲಿಂದಲೇ ಹುಟ್ಟೋದು.

ಹೆಜ್ಜೆ 4: ಕೂರಿಸುವ ರೀತಿ

ಎಲ್ಲರಿಗೂ ಒಂದೊಂದು ಕಂಪ್ಯೂಟರ್ ಇಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಇದ್ದರೂ ನಾನು ಇಬ್ಬರಿಗೆ ಒಂದೇ ಕೊಡುತ್ತೇನೆ. ಒಬ್ಬರ ಕೈಯಲ್ಲಿ ಮೌಸ್, ಇನ್ನೊಬ್ಬರ ಕೈಯಲ್ಲಿ ನೋಟ್‌ಬುಕ್. ಮೌಸ್ ಹಿಡಿದವರು ತಾವಾಗಿ ಏನೂ ಮಾಡುವಂತಿಲ್ಲ, ನೋಟ್‌ಬುಕ್ ಹಿಡಿದವರು ಬಾಯಿಬಿಟ್ಟು ಹೇಳಿದ್ದನ್ನು ಮಾಡಬೇಕು. ಎಂಟು ಹತ್ತು ನಿಮಿಷಕ್ಕೆ ಅದಲು ಬದಲು. ಈ ಒಂದು ನಿಯಮದಿಂದ ಮಕ್ಕಳು ಯೋಚನೆಯನ್ನು ಮಾತಿಗೆ ಇಳಿಸಲೇಬೇಕಾಗುತ್ತೆ. "ಅಲ್ಲಿ ಹಾಕು, ಅಲ್ಲಿ, ಅಯ್ಯೋ ಅಲ್ಲಲ್ಲ" ಅನ್ನುತ್ತಿದ್ದ ಹುಡುಗಿ ಎರಡನೇ ವಾರಕ್ಕೆ "ಬಲಕ್ಕೆ ಮೂರು, ಮೇಲೆ ಎರಡು" ಅನ್ನಲು ಶುರುಮಾಡಿದಳು. ನಿರ್ದೇಶಾಂಕದ ಪಾಠ ಅರ್ಧ ಅಲ್ಲೇ ಆಗಿಹೋಯಿತು.

ಇದೇನೂ ಹೊಸದಲ್ಲ. 1971ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಡಾನ್ ರಾವಿಚ್ ಅನ್ನುವ, ಇನ್ನೂ ತರಬೇತಿಯಲ್ಲಿದ್ದ ಶಿಕ್ಷಕ ಇತಿಹಾಸದ ಪಾಠಕ್ಕೆ ಅಂತ ಇಬ್ಬರು ಗೆಳೆಯರ ಜೊತೆ ಸೇರಿ ದಿ ಒರೆಗಾನ್ ಟ್ರೇಲ್ ಗೇಮ್ ಮಾಡಿದರು. ಆಗ ಸ್ಕ್ರೀನೇ ಇರಲಿಲ್ಲ, ಟೆಲಿಟೈಪ್ ಯಂತ್ರ ಕಾಗದದ ಮೇಲೆ ಅಚ್ಚು ಹಾಕುತ್ತಿತ್ತು. ಬೇಟೆ ಆಡಬೇಕಾದರೆ 'ಬ್ಯಾಂಗ್' ಅಂತ ತಪ್ಪಿಲ್ಲದೆ, ಬೇಗ ಟೈಪ್ ಮಾಡಬೇಕಿತ್ತು. ಮಕ್ಕಳು ಗುಂಪಾಗಿ ಯಂತ್ರದ ಸುತ್ತ ನಿಂತು ಆಡುತ್ತಿದ್ದರು. ಪಾಠಕ್ಕಾಗಿ ಮಾಡಿದ ಗೇಮುಗಳಲ್ಲಿ ಅಷ್ಟು ಹೆಸರು ಮಾಡಿದ್ದು ಕಮ್ಮಿ, ಅದು ಶುರುವಾಗಿದ್ದು ಹೀಗೆ.

ಸಮಯ? ನಲವತ್ತೈದು ನಿಮಿಷ ಇದ್ದರೆ ಇಪ್ಪತ್ತೈದು ಆಟಕ್ಕೆ, ಉಳಿದದ್ದು ಮಾತಿಗೆ. ಆಟ ಚೆನ್ನಾಗಿ ನಡೆಯುತ್ತಿದೆ ಅಂತ ಮಾತಿನ ಸಮಯ ತಿನ್ನಲು ಬಿಡಬೇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ್ದನ್ನು, ಇಪ್ಪತ್ತು ಸೆಕೆಂಡ್ ನೋಡುವುದು ಅಂತ ಕಣ್ಣಿನ ಡಾಕ್ಟರುಗಳು ಹೇಳುವ ಒಂದು ರೂಢಿ ಇದೆಯಲ್ಲ, ಮೌಸ್ ಬದಲಿಸುವಾಗ ಅದನ್ನೂ ಮಾಡಿಸಿಬಿಡಿ.

ಹೆಜ್ಜೆ 5: ಆಡುವಾಗ ಬಾಯಿ ಮುಚ್ಚಿಕೊಂಡಿರಿ

ತುಂಬಾ ಕಷ್ಟದ ಹೆಜ್ಜೆ ಇದೇ. ಮಗು ತಪ್ಪು ದಾರಿ ಹಿಡಿದಿರುತ್ತೆ, ನಮಗೆ ಗೊತ್ತಿರುತ್ತೆ, ನಾಲಿಗೆ ತುರಿಸುತ್ತೆ. ಹೇಳಬೇಡಿ. ಗೇಮಿನಲ್ಲಿ ಸೋತರೆ ಮತ್ತೆ ಶುರುಮಾಡಬಹುದು, ಯಾರೂ ಅಂಕ ಕಳೆಯಲ್ಲ. ಪರೀಕ್ಷೆಯಲ್ಲಿ ಸಿಗದ ಸೌಲಭ್ಯ ಅದು. ಇದೇ ತಪ್ಪನ್ನು ಮೂರು ಸಲ ಮಾಡಿದರೆ ಆಗ ಬೇಕಾದರೆ, "ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲಾಯಿಸಿದೆ?" ಅಂತ ಮಾತ್ರ ಕೇಳಿ. ಮೌಸ್ ಮಾತ್ರ ಕಿತ್ತುಕೊಳ್ಳಬೇಡಿ. ನಾನು ಕಿತ್ತುಕೊಂಡಿದ್ದೇನೆ, ಅದಕ್ಕೇ ಹೇಳ್ತಿದ್ದೇನೆ.

ಹೆಜ್ಜೆ 6: ನಿಲ್ಲಿಸಿ ಕೇಳುವುದು

ಎರಡು ಉದಾಹರಣೆ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಮೈನ್‌ಕ್ರಾಫ್ಟ್‌ನದ್ದು. ಅದರಲ್ಲಿ ಪ್ರತಿ ಇಟ್ಟಿಗೆಯೂ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರ. ಸುತ್ತಳತೆ, ವಿಸ್ತೀರ್ಣದ ಗೊಂದಲ ಇರುವ ಮಕ್ಕಳಿಗೆ ನಾನು ಕೊಟ್ಟ ಕೆಲಸ ಇಷ್ಟು: 24 ಕಲ್ಲಿದೆ, ಗೋಡೆ ಕಟ್ಟಿ ಒಂದು ತೋಟ ಮಾಡು, ಮೂಲೆಯಲ್ಲಿ ಸಂದಿ ಬಿಡಬಾರದು, ಒಳಗೆ ಆದಷ್ಟು ಜಾಸ್ತಿ ಜಾಗ ಸಿಗಬೇಕು.

ಲೆಕ್ಕದಲ್ಲಿ ಜಾಣರಾದ ಇಬ್ಬರು ಕಾಗದದ ಮೇಲೆ ಮೊದಲೇ ಮುಗಿಸಿಬಿಟ್ಟರು. ಸುತ್ತಳತೆ 24 ಅಂದರೆ ಚೌಕದ ಒಂದು ಬದಿ 6, ವಿಸ್ತೀರ್ಣ 36. ಆಮೇಲೆ ಗೇಮಿನಲ್ಲಿ ಕಟ್ಟಿದರು. ಬದಿಗೆ ಆರಾರು ಕಲ್ಲು ಇಟ್ಟರೆ 24 ಕಲ್ಲು ಖರ್ಚೇ ಆಗಲಿಲ್ಲ, ನಾಲ್ಕು ಉಳಿದವು! ಮೂಲೆಯ ಕಲ್ಲು ಎರಡು ಬದಿಗೂ ಸೇರುತ್ತಲ್ಲ. ಕೆಡವಿ ಬದಿಗೆ ಏಳೇಳು ಇಟ್ಟರು. ಈಗ ಕಲ್ಲು ಸರಿಹೋಯಿತು, ಒಳಗಿನ ಜಾಗ ಎಣಿಸಿದರೆ 25. ಮೂವತ್ತಾರು ಎಲ್ಲಿ ಹೋಯಿತು?

ಇಲ್ಲಿ ನಿಲ್ಲಿಸಿದೆ. ಸ್ಕ್ರೀನ್ ಆರಿಸಿ ನೋಟ್‌ಬುಕ್ ತೆಗೆಸಿದೆ. "ನಿಮ್ಮ ಲೆಕ್ಕ ತಪ್ಪಾ, ಗೇಮ್ ತಪ್ಪಾ?" ಅಂದೆ. ಐದು ನಿಮಿಷ ಗಲಾಟೆ. ಕೊನೆಗೆ ಹಿಂದಿನ ಬೆಂಚಿನ ಒಬ್ಬಳು ಹೇಳಿದಳು: "ಕಾಗದದ ಮೇಲಿನ ಗೆರೆಗೆ ದಪ್ಪ ಇಲ್ಲ, ಕಲ್ಲಿಗೆ ದಪ್ಪ ಇದೆ." ಆ ವಾಕ್ಯವನ್ನು ನಾನು ಹಲಗೆ ಮೇಲೆ ಬರೆದಿಟ್ಟೆ, ಒಂದು ವಾರ ಒರೆಸಲಿಲ್ಲ.

ಮುಂದಕ್ಕೆ ಬೇರೆ ಆಕಾರಗಳನ್ನು ಕಟ್ಟಿಸಿದೆ. ಹೊರಗಿನಿಂದ 8ಕ್ಕೆ 6 ಆದರೆ ಒಳಗೆ 24. 9ಕ್ಕೆ 5 ಆದರೆ 21. 10ಕ್ಕೆ 4 ಆದರೆ 16. 11ಕ್ಕೆ 3 ಆದರೆ ಒಳಗೆ ಬರೀ 9, ತೋಟ ಅಲ್ಲ ಅದು, ಓಣಿ. ಎಲ್ಲದಕ್ಕೂ ಕಲ್ಲು ಅವೇ 24. ಈಗ ಅಂಕಿಗಳನ್ನು ಸಾಲಾಗಿ ಬರೆಯಿರಿ: 25, 24, 21, 16, 9. ಒಂದರಿಂದ ಒಂದಕ್ಕೆ ಎಷ್ಟು ಇಳಿಯಿತು? 1, 3, 5, 7. ಇದನ್ನು ಮಕ್ಕಳೇ ಕಂಡುಹಿಡಿಯಬೇಕು, ನೀವು ಹೇಳಿದರೆ ಮಜಾ ಹೋಗುತ್ತೆ. ಸುತ್ತಳತೆ ಒಂದೇ ಇದ್ದರೂ ವಿಸ್ತೀರ್ಣ ಬೇರೆ ಆಗಬಹುದು ಅಂತ ನಾನು ಹಿಂದೆ ಎಷ್ಟೋ ಸಲ ಹೇಳಿದ್ದೆ. ಓಣಿ ಕಟ್ಟಿದ ಮೇಲೆ ಹೇಳಬೇಕಾಗಿಯೇ ಬರಲಿಲ್ಲ.

ಎರಡನೆಯದು ದೊಡ್ಡ ಮಕ್ಕಳಿಗೆ, ಕರ್ಬಲ್‌ನದ್ದು. ಉಪಗ್ರಹ ಯಾಕೆ ಕೆಳಗೆ ಬೀಳಲ್ಲ ಅಂತ ಕೇಳಿದರೆ "ಅಲ್ಲಿ ಗುರುತ್ವ ಇಲ್ಲ" ಅನ್ನುವ ಉತ್ತರ ಬಂದೇ ಬರುತ್ತೆ. ವಾದ ಮಾಡಬೇಡಿ, ಗೇಮ್ ಕೊಡಿ. ಎಲ್ಲರೂ ಮೊದಲು ರಾಕೆಟ್ಟನ್ನು ನೆಟ್ಟಗೆ ಮೇಲಕ್ಕೆ ಹಾರಿಸುತ್ತಾರೆ. ಗೇಮಿನ ಗ್ರಹ ಕರ್ಬಿನ್‌ಗೆ ವಾತಾವರಣ 70 ಕಿಲೋಮೀಟರ್ ತನಕ. ರಾಕೆಟ್ ಅದನ್ನು ದಾಟುತ್ತೆ, ಚಪ್ಪಾಳೆ ಬೀಳುತ್ತೆ, ಆಮೇಲೆ ನಿಧಾನಕ್ಕೆ ತಿರುಗಿ ನೆಟ್ಟಗೆ ಕೆಳಗೆ ಬಂದು ಬಡಿಯುತ್ತೆ. ಗುರುತ್ವ ಇಲ್ಲದಿದ್ದರೆ ಯಾಕಪ್ಪಾ ಬಿತ್ತು? ಜಾಸ್ತಿ ಇಂಧನ ತುಂಬಿ ಇನ್ನೂ ಮೇಲೆ ಕಳಿಸುತ್ತಾರೆ. ಮತ್ತೆ ಬೀಳುತ್ತೆ. ಯಾವನೋ ಒಬ್ಬ ಅಕಸ್ಮಾತ್ ಆಗಿಯೋ ಕೋಪದಲ್ಲೋ ರಾಕೆಟ್ಟನ್ನು ಅಡ್ಡಕ್ಕೆ ವಾಲಿಸುತ್ತಾನೆ, ಅದು ದೂರ ಹೋಗಿ ಬೀಳುತ್ತೆ. ಇನ್ನೂ ಜೋರಾಗಿ ಅಡ್ಡಕ್ಕೆ ಓಡಿಸಿದರೆ ಇನ್ನೂ ದೂರ. ಅಡ್ಡ ವೇಗ ಸೆಕೆಂಡಿಗೆ ಸುಮಾರು 2,300 ಮೀಟರ್ ಹತ್ತಿರ ಬಂದಾಗ ಬೀಳುವ ದಾರಿ ಗ್ರಹವನ್ನೇ ಸುತ್ತಿಕೊಂಡು ಬಂದುಬಿಡುತ್ತೆ. ಬೀಳುತ್ತಲೇ ಇದೆ, ನೆಲಕ್ಕೆ ಮಾತ್ರ ತಾಗುತ್ತಿಲ್ಲ.

ಆಗ ನಿಲ್ಲಿಸಿ. ನೋಟ್‌ಬುಕ್‌ನಲ್ಲಿ ಮೂರು ಹಾರಾಟದ ದಾರಿ ಬಿಡಿಸಲಿ: ನೆಟ್ಟಗಿನದು, ಸ್ವಲ್ಪ ವಾಲಿದ್ದು, ಸುತ್ತಿದ್ದು. ಆಮೇಲೆ ನಿಜವಾದ ಭೂಮಿಯ ಅಂಕಿ ಕೊಡಿ. ಕರ್ಬಿನ್ ತ್ರಿಜ್ಯ 600 ಕಿಲೋಮೀಟರ್, ಭೂಮಿಯದು ಸುಮಾರು 6,370. ನೆಲದ ಮೇಲಿನ ಗುರುತ್ವ ಎರಡಕ್ಕೂ ಒಂದೇ. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಸೆಕೆಂಡಿಗೆ ಸುಮಾರು 7,800 ಮೀಟರ್ ವೇಗ ಬೇಕು. ಗ್ರಹ ಹತ್ತು ಪಟ್ಟು ದೊಡ್ಡದು, ವೇಗ ಮಾತ್ರ ಮೂರು ಪಟ್ಟು ಚಿಲ್ಲರೆ. ಯಾಕೆ ಹತ್ತು ಪಟ್ಟು ಅಲ್ಲ? ವರ್ಗಮೂಲ ಕಲಿತ ಮಕ್ಕಳಿಗೆ ಇದು ಒಳ್ಳೇ ಗುದ್ದು.

ಯಾವ ಗೇಮಿಗಾದರೂ ಹೊಂದುವ ಮೂರು ಪ್ರಶ್ನೆ ನನ್ನ ಬಳಿ ಇವೆ. ಏನು ಮಾಡಿದಾಗ ಏನಾಯಿತು? ಮತ್ತೆ ಆಡಿದರೆ ಏನು ಬೇರೆ ಮಾಡುತ್ತೀಯ, ಯಾಕೆ? ಮೂರನೆಯದು ನನಗೆ ತುಂಬಾ ಇಷ್ಟ: ಗೇಮ್ ಎಲ್ಲಿ ಸುಳ್ಳು ಹೇಳುತ್ತೆ?

ಎಲ್ಲ ಗೇಮೂ ಸುಳ್ಳು ಹೇಳುತ್ತೆ. ಮೈನ್‌ಕ್ರಾಫ್ಟ್‌ನಲ್ಲಿ ಮರದ ಬುಡ ಕಡಿದರೆ ಮೇಲಿನ ಕಾಂಡ ಗಾಳಿಯಲ್ಲಿ ಹಾಗೇ ನಿಲ್ಲುತ್ತೆ, ಆದರೆ ಮರಳು ಮಾತ್ರ ಕೆಳಗೆ ಬೀಳುತ್ತೆ. ಒಂದು ಹಗಲು ರಾತ್ರಿ 20 ನಿಮಿಷಕ್ಕೆ ಮುಗಿಯುತ್ತೆ, ಅಂದರೆ ಅಲ್ಲಿನ ಗಡಿಯಾರ ನಮ್ಮದಕ್ಕಿಂತ 72 ಪಟ್ಟು ಬೇಗ (ಅನುಪಾತದ ಲೆಕ್ಕ ಬೇಕಿದ್ದರೆ ಇಲ್ಲಿದೆ, ತಗೊಳ್ಳಿ). ಸಿಮ್‌ಸಿಟಿಯಲ್ಲಿ ತೆರಿಗೆ ಏರಿಸಿದರೆ ಜನ ಊರು ಬಿಡುತ್ತಾರೆ. ಎಷ್ಟು ಏರಿಸಿದರೆ ಎಷ್ಟು ಜನ ಬಿಡುತ್ತಾರೆ ಅಂತ ತೀರ್ಮಾನ ಮಾಡಿದವರು ಯಾರು? ಪ್ರೋಗ್ರಾಮ್ ಬರೆದವರು. ಊರು ಹೀಗೇ ನಡೆಯುತ್ತೆ ಅಂತ ಅವರ ಅಂದಾಜು. ಹತ್ತನೇ ಕ್ಲಾಸಿನ ಮಕ್ಕಳ ಜೊತೆ ಈ ಮಾತು ಶುರುವಾದರೆ ಸಮಾಜ ಪಾಠದ ಪಿರಿಯಡ್ ಸಾಲಲ್ಲ.

ಹೆಜ್ಜೆ 7: ಕಾಗದಕ್ಕೆ ತನ್ನಿ, ಕೆಲವು ದಿನ ಬಿಟ್ಟು ಮತ್ತೆ ಕೇಳಿ

ಗೇಮಿನಲ್ಲಿ ಬಂದಿದ್ದು ಪುಸ್ತಕದಲ್ಲಿ ತಾನಾಗೇ ಬರುತ್ತೆ ಅಂದುಕೊಳ್ಳಬೇಡಿ. ಡ್ರ್ಯಾಗನ್‌ಬಾಕ್ಸ್ ಅಂತ 2012ರಲ್ಲಿ ಬಂದ ಬೀಜಗಣಿತದ ಗೇಮ್ ಇದೆ. ಶುರುವಿನಲ್ಲಿ ಅಂಕಿ, ಅಕ್ಷರ ಏನೂ ಇರಲ್ಲ. ಎರಡು ಬದಿಯಲ್ಲಿ ಚಿತ್ರದ ಪ್ರಾಣಿಗಳಿರುತ್ತವೆ, ಪೆಟ್ಟಿಗೆ ಒಂಟಿಯಾಗಿ ಉಳಿಯುವ ಹಾಗೆ ಮಾಡಬೇಕು. ಒಂದು ಬದಿಗೆ ಏನಾದರೂ ಸೇರಿಸಿದರೆ ಇನ್ನೊಂದು ಬದಿಗೂ ಸೇರಿಸಲೇಬೇಕು. ಲೆವೆಲ್ ದಾಟುತ್ತಾ ದಾಟುತ್ತಾ ಪ್ರಾಣಿಗಳ ಜಾಗಕ್ಕೆ ಅಕ್ಷರ ಬರುತ್ತವೆ, ಕೊನೆಗೆ ನೋಡಿದರೆ ಮಗು ಸಮೀಕರಣ ಬಿಡಿಸುತ್ತಿರುತ್ತೆ. ತುಂಬಾ ಜಾಣ ಗೇಮ್. ಆದರೂ ಅದನ್ನು ಮುಗಿಸಿದ ಮಗುವಿನ ಮುಂದೆ ಬರೀ ಕಾಗದ ಇಟ್ಟರೆ ತಡಬಡಾಯಿಸುತ್ತೆ, ಯಾಕೆಂದರೆ ಗೇಮಿನಲ್ಲಿ ತಪ್ಪು ಹೆಜ್ಜೆ ಇಡಲು ಗೇಮೇ ಬಿಡಲ್ಲ, ಕಾಗದ ತಡೆಯಲ್ಲ. ಅದಕ್ಕೇ ಪ್ರತಿ ಸಲ ಆಟದ ಕೊನೆಗೆ ಅದೇ ಥರದ ಎರಡು ಲೆಕ್ಕ ಕಾಗದದ ಮೇಲೆ. ಎರಡೇ ಸಾಕು. ಮೂರು ದಿನ ಬಿಟ್ಟು ಮತ್ತೆ ಎರಡು. ಆಗಲೂ ಬಂದರೆ ಕಲಿತಿದ್ದಾರೆ ಅಂತ ಲೆಕ್ಕ. ಬರಲಿಲ್ಲ ಅಂದರೆ ಗೇಮ್ ಬದಲಿಸಿ, ಇಲ್ಲಾ ನಿಮ್ಮ ಪ್ರಶ್ನೆ ಬದಲಿಸಿ.

ಮಧ್ಯೆ ಬರುವ ತಾಪತ್ರಯ

ನಿಲ್ಲಿಸು ಅಂದರೆ ನಿಲ್ಲಿಸಲ್ಲ. ಇದು ಎಲ್ಲರ ಗೋಳು. ಗಡಿಯಾರ ನೋಡಿ ನಿಲ್ಲಿಸಬೇಡಿ, ಆಟದೊಳಗಿನ ಜಾಗ ನೋಡಿ ನಿಲ್ಲಿಸಿ. "ಇನ್ನು ಐದು ನಿಮಿಷ" ಅನ್ನುವುದಕ್ಕಿಂತ "ಈ ಗೋಡೆ ಮುಗಿಸಿ ಸೇವ್ ಮಾಡು" ಅಂದರೆ ಮಾತು ಕೇಳುತ್ತಾರೆ. ಅರ್ಧ ಕಟ್ಟಿದ್ದನ್ನು ಬಿಟ್ಟೇಳಲು ನಮಗೂ ಆಗಲ್ಲ, ಅಲ್ವಾ?

ಎಲ್ಲ ಮಕ್ಕಳಿಗೂ ಗೇಮ್ ಇಷ್ಟ ಅನ್ನುವುದು ಸುಳ್ಳು. ಕೆಲವರಿಗೆ ಸದ್ದು ಆಗಲ್ಲ, ಕೆಲವರಿಗೆ ಸಮಯದ ಒತ್ತಡ ಆಗಲ್ಲ. ಅಂಥವರಿಗೆ ಟೈಮರ್ ಇಲ್ಲದ ಗೇಮ್ ಕೊಡಿ, ಅಥವಾ ನೋಟ್‌ಬುಕ್ ಕೆಲಸ ಕೊಡಿ. ಸ್ಕೋರ್ ಪಟ್ಟಿಯನ್ನು ಗೋಡೆಗೆ ಅಂಟಿಸುವುದು ನಾನು ಬಿಟ್ಟೇಬಿಟ್ಟಿದ್ದೇನೆ. ಮೇಲಿನ ಮೂವರಿಗೆ ಖುಷಿ, ಉಳಿದವರು ಎರಡನೇ ವಾರಕ್ಕೆ ಕೈಚೆಲ್ಲುತ್ತಾರೆ.

"ಪಾಠ ಬಿಟ್ಟು ಗೇಮ್ ಆಡಿಸ್ತಾರಂತೆ" ಅನ್ನುವವರು ಇದ್ದೇ ಇರುತ್ತಾರೆ. ಅವರನ್ನು ಕರೆದು ಮಕ್ಕಳ ನೋಟ್‌ಬುಕ್ ತೋರಿಸಿ. ಮಾತಿಗೆ ಬೇಕಾದರೆ ಫೋಲ್ಡಿಟ್ ಕಥೆ ಹೇಳಿ. ಪ್ರೋಟೀನ್ ಹೇಗೆ ಮಡಚಿಕೊಳ್ಳುತ್ತೆ ಅಂತ ಒಗಟಿನ ಹಾಗೆ ಬಿಡಿಸುವ ಗೇಮ್ ಅದು, 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಬಂದಿದ್ದು. ಕೋತಿಗಳಿಗೆ ಏಡ್ಸ್ ಥರದ ಕಾಯಿಲೆ ತರುವ ವೈರಸ್ಸಿನ ಒಂದು ಕಿಣ್ವದ ಆಕಾರ ಹತ್ತು ವರ್ಷಕ್ಕೂ ಜಾಸ್ತಿ ಕಾಲ ವಿಜ್ಞಾನಿಗಳಿಗೆ ಸಿಕ್ಕಿರಲಿಲ್ಲ. ಗೇಮ್ ಆಡುವವರು ಮೂರು ವಾರದೊಳಗೆ ಅದಕ್ಕೆ ಒಳ್ಳೇ ಮಾದರಿ ಕಟ್ಟಿಕೊಟ್ಟರು. 2011ರಲ್ಲಿ ಅದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು.

ಅವರ ಭಯದಲ್ಲಿ ಹುರುಳಿಲ್ಲ ಅಂತಲೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ 2022ರಿಂದ ಗೇಮಿಂಗ್ ಡಿಸಾರ್ಡರ್ ಕೂಡ ಇದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯ ಆಗುವುದು, ಕೆಟ್ಟದ್ದಾಗುತ್ತಿದ್ದರೂ ಬಿಡಲಾಗದಿರುವುದು. ಸಾಮಾನ್ಯವಾಗಿ ವರ್ಷದಷ್ಟು ಕಾಲ ಹೀಗಿದ್ದರೆ ಮಾತ್ರ ಆ ಹೆಸರು. ನಿದ್ದೆ, ಊಟ, ಗೆಳೆಯರು ಕಮ್ಮಿಯಾಗುತ್ತಿರುವುದು ಕಂಡರೆ ಪಾಠದ ಹೆಸರಿನಲ್ಲಿ ಅದಕ್ಕೆ ಇನ್ನೊಂದು ಗೇಮ್ ಸೇರಿಸಬೇಡಿ, ಡಾಕ್ಟರ ಹತ್ತಿರ ಮಾತಾಡಿ.

ಹೆಜ್ಜೆ 8: ಮಕ್ಕಳೇ ಗೇಮ್ ಮಾಡಲಿ

ಸ್ಕ್ರ್ಯಾಚ್ ಇದಕ್ಕೆ ಸಾಕು. ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ತಂಡ ಮಾಡಿದ್ದು, 2007ರಿಂದ ಎಲ್ಲರಿಗೂ ಉಚಿತ. ಕೋಡ್ ಬರೆಯಬೇಕಿಲ್ಲ, ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದರಾಯಿತು. ಅದರ ರಂಗದ, ಅಂದರೆ ಬೆಕ್ಕಿನ ಚಿತ್ರ ಓಡಾಡುವ ಜಾಗದ, ಮಧ್ಯೆ ಸೊನ್ನೆ. ಎಡಕ್ಕೆ ಋಣ 240, ಬಲಕ್ಕೆ 240, ಮೇಲೆ 180, ಕೆಳಗೆ ಋಣ 180. ಋಣ ಸಂಖ್ಯೆ ತಲೆಗೆ ಹೋಗದ ಮಗು ಅಲ್ಲಿ ಬೆಕ್ಕನ್ನು ಎಡಕ್ಕೆ ಓಡಿಸುವುದು ಹೇಗೆ ಅಂತ ಒದ್ದಾಡಿ ಒದ್ದಾಡಿ ಕೊನೆಗೆ ಋಣ 10 ಹಾಕುತ್ತೆ.

ಬೆಕ್ಕನ್ನು ಜಿಗಿಸುವ ಕೆಲಸ ಕೊಡಿ. ವೇಗ ಅಂತ ಒಂದು ವೇರಿಯಬಲ್ (ಬದಲಾಗುವ ಅಂಕಿಗೆ ಕೊಡುವ ಹೆಸರು) ಮಾಡಿಸಿ, ಶುರುವಿನಲ್ಲಿ 10 ಇರಲಿ. ಪ್ರತಿ ಸುತ್ತಿಗೂ ಬೆಕ್ಕು ವೇಗದಷ್ಟು ಮೇಲೆ ಹೋಗಲಿ, ವೇಗದಲ್ಲಿ ಒಂದು ಕಳೆಯಲಿ. 10, 9, 8 ಅಂತ ಏರಿ, ಸೊನ್ನೆಯಾಗಿ, ವೇಗ ಋಣ ಆದ ಕೂಡಲೇ ಬೆಕ್ಕು ತಾನಾಗೇ ಇಳಿಯಲು ಶುರುಮಾಡುತ್ತೆ. ಎಷ್ಟು ಎತ್ತರ ಹೋಯಿತು? 10ರಿಂದ 1ರ ತನಕ ಕೂಡಿದರೆ 55. ಈಗ ಶುರುವಿನ ವೇಗ 20 ಮಾಡಿದರೆ? ಎಲ್ಲರೂ 110 ಅನ್ನುತ್ತಾರೆ. ಓಡಿಸಿ ನೋಡಲಿ. 210 ಬರುತ್ತೆ, ಹತ್ತಿರ ಹತ್ತಿರ ನಾಲ್ಕು ಪಟ್ಟು.

ಇಷ್ಟಾದ ಮೇಲೆ ಅವರವರಿಗೆ ಕಷ್ಟವಾದ ಪಾಠದ ಮೇಲೆ ಅವರೇ ಒಂದು ಗೇಮ್ ಮಾಡಲಿ, ಚಿಕ್ಕ ತರಗತಿಯವರಿಗೆ ಆಡಲು ಕೊಡಲಿ. ಪ್ರಶ್ನೆ ಹಾಕಬೇಕಾದರೆ ಉತ್ತರ ಗೊತ್ತಿರಬೇಕು. ತಪ್ಪು ಉತ್ತರ ಯಾವುದು ಬರಬಹುದು ಅಂತಲೂ ಗೊತ್ತಿರಬೇಕು, ಅದು ಇನ್ನೂ ಕಷ್ಟ.

ಆ ನಾಲ್ಕನೇ ಕ್ಲಾಸಿನ ಹುಡುಗ ಆರನೇ ಕ್ಲಾಸಿಗೆ ಬಂದಾಗ ಮಗ್ಗಿ ಗೇಮನ್ನೇ ಮಾಡಿದ. ನಾಲ್ಕು ಆಯ್ಕೆ ಇಟ್ಟಿದ್ದ. ನನಗೆ ನಗು ಬಂತು. ಕೂತು ಬೇಕಂತಲೇ ಮೇಲಿಂದ ಕೆಳಕ್ಕೆ ಟಕಟಕ ಒತ್ತಿದೆ. ಎರಡನೇ ತಪ್ಪಿಗೆ ಸ್ಕೋರ್ ಸೊನ್ನೆಗೆ ಇಳಿಯಿತು, ಮೂರನೇ ತಪ್ಪಿಗೆ ಬೆಕ್ಕು ಬಂದು ಸ್ಕ್ರೀನ್ ತುಂಬಾ ಕೂತುಬಿಟ್ಟಿತು, ಏನು ಒತ್ತಿದರೂ ಜಗ್ಗಲಿಲ್ಲ. "ಅದು ಹತ್ತು ಸೆಕೆಂಡ್ ಹೋಗಲ್ಲ ಟೀಚರ್" ಅಂದ. "ಅಷ್ಟರಲ್ಲಿ ಪ್ರಶ್ನೆ ಓದ್ಕೊಳ್ಳಿ ಅಂತ."